ಬಾಣದ ಮೇಷ್ಟ್ರು

ಫೆಬ್ರುವರಿ ಬಂತೆಂದರೆ ಹೈಸ್ಕೂಲಿರುವ ಪ್ರತಿ ಊರಲ್ಲೂ ಒಬ್ಬ ವಿಜ್ಞಾನದ ಮೇಷ್ಟ್ರಿಗೆ ನಿದ್ದೆ ಹಾರಿಹೋಗುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯ ಪೇಪರುಗಳ ಕಟ್ಟು ಒಂದು ಕಂಕುಳಲ್ಲಿ, ಪ್ರಶ್ನೆಪತ್ರಿಕೆಯ ನೀಲನಕ್ಷೆ ಇನ್ನೊಂದು ಕಂಕುಳಲ್ಲಿ, ಅಂಗಿಯ ಜೇಬಿನಲ್ಲಿ ಬಣ್ಣಬಣ್ಣದ ಸೀಮೆಸುಣ್ಣ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಬೆಳಗಿನ ಆರೂವರೆಗೇ ಕಲೆಹಾಕಿ ರಿವಿಷನ್ ಮಾಡಿಸುವ ಇಂಥವರನ್ನು ನೀವೂ ನೋಡಿರುತ್ತೀರಿ. ನಾನು ನೋಡಿದ್ದಷ್ಟೇ ಅಲ್ಲ, ಅನುಭವಿಸಿದ್ದೇನೆ. ನಮ್ಮ ಪಕ್ಕದ ಮನೆಯಲ್ಲೇ ಒಬ್ಬರಿದ್ದಾರೆ. ಅವರ ಮನೆಗೆ ಜಗಲಿ ಇಲ್ಲ, ನಮ್ಮದಕ್ಕೆ ಇದೆ. ಅದೂ ರೆಡ್ ಆಕ್ಸೈಡಿನದು, ಸೀಮೆಸುಣ್ಣ ಚೆನ್ನಾಗಿ ಎದ್ದು ಕಾಣುತ್ತದೆ. ನನ್ನ ಕಷ್ಟಕ್ಕೆಲ್ಲ ಮೂಲ ಇಷ್ಟೇ.

ಬೆಳಕು, ವಿದ್ಯುತ್ತು, ರಾಸಾಯನಿಕ ಸಮೀಕರಣ ಅಂದರೆ ಮಕ್ಕಳು ಹೆದರಿಕೊಂಡಾದರೂ ಓದುತ್ತಾರೆ. ‘ನಮ್ಮ ಪರಿಸರ’ ಪಾಠಕ್ಕೆ ಮಾತ್ರ ಯಾರೂ ಹೆದರುವುದಿಲ್ಲ. “ಅದು ಕಥೆ ಇದ್ದಂಗಿದೆ ಸಾರ್, ಹಂಗೇ ಬರ್ದುಬಿಡ್ತೀವಿ” ಎಂದು ಕಟ್ಟಕಡೆಗೆ ಇಟ್ಟಿರುತ್ತಾರೆ. ಹಂಗೇ ಬರೆದದ್ದರ ಫಲ ಮೇಷ್ಟ್ರ ಕಂಕುಳಲ್ಲಿರುತ್ತದೆ. ಓಝೋನ್ ಪದರಕ್ಕೆ ತೂತು ಬಿದ್ದು, ಆ ತೂತಿನಿಂದ ಬಿಸಿಲು ನುಗ್ಗಿ, ಭೂಮಿ ಕಾದು ಕೆಂಡವಾಗಿದೆ ಎಂದು ಅರ್ಧ ತರಗತಿ ಬರೆದಿರುತ್ತದೆ. “ಓಝೋನ್ ತಡೆಯೋದು ನೇರಳಾತೀತ ಕಿರಣ ಕಣ್ರೋ! ಭೂಮಿ ಕಾಯಿಸ್ತಿರೋದು ಇಂಗಾಲದ ಡೈಆಕ್ಸೈಡು. ಅದೇ ಬೇರೆ ಕೇಸು, ಇದೇ ಬೇರೆ ಕೇಸು!” ಎಂಬ ಕೂಗಿಗೆ ನಮ್ಮ ಬೀದಿಯ ಹಾಲಿನವನೂ ಒಮ್ಮೆ ಸೈಕಲ್ ನಿಲ್ಲಿಸಿ ನೋಡುತ್ತಾನೆ. ಓಝೋನ್ ಪದರ ಕೆಡಿಸುವ ಸಿಎಫ್‌ಸಿ ತಯಾರಿಕೆಯನ್ನು 1986ರ ಮಟ್ಟದಲ್ಲೇ ನಿಲ್ಲಿಸಲು 1987ರಲ್ಲಿ ದೇಶಗಳು ಒಪ್ಪಿಕೊಂಡದ್ದು ಈಗ ನನಗೆ ನನ್ನ ಮದುವೆಯ ಇಸವಿಗಿಂತ ಚೆನ್ನಾಗಿ ನೆನಪಿದೆ. ಈ ಮಾತನ್ನು ಮನೆಯಲ್ಲಿ ಹೇಳಬಾರದಿತ್ತು.

ಪರೀಕ್ಷೆ ಇಲ್ಲದ ತಿಂಗಳುಗಳಲ್ಲಿ ಅವರ ರಿವಿಷನ್ ನಮ್ಮಂಥವರ ಮೇಲೆ ನಡೆಯುತ್ತದೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲ ಕೊಟ್ಟರೆ ಕೊಟ್ಟವನಿಗೆ ಪಾಠ, ತೆಗೆದುಕೊಂಡ ನನಗೂ ಪಾಠ. ಅಕೇಶಿಯಾ ಪ್ಲಾಂಟೇಶನ್ ಕಂಡರೆ ಬಸ್ಸಿನಲ್ಲೇ ಮುಖ ತಿರುಗಿಸಿ ಕೂರುತ್ತಾರೆ. ಕ್ಯಾಶಿಯರ್ ಆಗಿ ನಿವೃತ್ತನಾದ ನನ್ನನ್ನು ‘ಮ್ಯಾನೇಜರ್ರೇ’ ಎಂದು ಕರೆಯುತ್ತಾರೆ. ನಾನೂ ತಿದ್ದಲು ಹೋಗಿಲ್ಲ. ಆ ಮರ್ಯಾದೆಗೆ ಮರುಳಾಗಿಯೇ ಒಂದು ಭಾನುವಾರ ಅಂಜಲ್ ಮೀನಿನ ಊಟಕ್ಕೆ ಕುಳಿತಿದ್ದಾಗ ಒಳಗೆ ಕರೆದೆ. ಬಂದವರು ತಟ್ಟೆ ನೋಡಿ, “ಮ್ಯಾನೇಜರ್ರೇ, ಇದು ಮೇಲಿನ ಪೋಷಣಾ ಸ್ತರದ್ದು. ಪಾದರಸದಂಥ ವಿಷ ಸಣ್ಣ ಮೀನಿಂದ ದೊಡ್ಡ ಮೀನಿಗೆ ಹೋದಂಗೆ ಕೂಡ್ತಾ ಹೋಗುತ್ತೆ. ಡಿಡಿಟಿ ಕಥೆನೂ ಅದೇ” ಎಂದರು. “ಭೂತಾಯಿ ತಿನ್ನಿ. ಸಣ್ಣದು, ಪಾಪದ್ದು.” ಅಂದಿನಿಂದ ನಮ್ಮ ಮನೆಯಲ್ಲಿ ಭೂತಾಯಿ. ಖರ್ಚು ಉಳಿಯಿತೆಂದು ಹೆಂಡತಿಗೆ ಮೇಷ್ಟ್ರ ಮೇಲೆ ಅಪಾರ ಗೌರವ. ಅಂಜಲ್ ಹೊತ್ತ ಸ್ಕೂಟರು ಕೂಗಿಕೊಂಡು ಹೋಗುವಾಗ ನನ್ನ ಗೌರವ ಸ್ವಲ್ಪ ಅಲ್ಲಾಡುತ್ತದೆ.

ಆದರೆ ಮೇಷ್ಟ್ರ ನಿಜವಾದ ಹುಚ್ಚು ಬಾಣ. ಆಹಾರ ಸರಪಳಿ ಬರೆಯಿರಿ ಅಂದರೆ ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಎಂದು ಹೆಸರೆಲ್ಲ ಸರಿಯಾಗೇ ಬರೆಯುವ ಮಕ್ಕಳು ಬಾಣ ಮಾತ್ರ ಉಲ್ಟಾ ಹಾಕುತ್ತಾರೆ. ಬಾಣ ತೋರಿಸಬೇಕಾದ್ದು ಶಕ್ತಿ ಹರಿಯುವ ದಿಕ್ಕನ್ನು. ಅಂದರೆ ತಿನ್ನಿಸಿಕೊಂಡದ್ದರಿಂದ ತಿಂದದ್ದರ ಕಡೆಗೆ. “ಬಾಣದ ಮೂತಿ ಹೊಟ್ಟೆ ಕಡೆಗೆ!” ಎಂದು ದಿನವೂ ಮಕ್ಕಳಿಂದ ಹೇಳಿಸುತ್ತಾರೆ. ಆದರೂ ಪೇಪರಿನಲ್ಲಿ ಅದೇ ಕಥೆ. “ಹದ್ದನ್ನ ಹಾವು ತಿಂತು, ಹಾವನ್ನ ಕಪ್ಪೆ ತಿಂತು, ಕಪ್ಪೆನ ಮಿಡತೆ ತಿಂತು. ಕೊನೆಗೆ ಹುಲ್ಲು ಎಲ್ಲಾನೂ ತಿಂದುಹಾಕ್ತಲ್ಲೋ! ಅದೆಂಥ ಹುಲ್ಲೋ ನಿಮ್ಮ ಗದ್ದೆ ಬದೂದು?”

ಒಂದು ದಿನ ಒಬ್ಬ ದಪ್ಪ ಹುಡುಗ ಎದ್ದು ನಿಂತ. “ಸಾರ್, ಕಪ್ಪೆ ಹಿಡಿಯಕ್ಕೆ ಹಾವು ತಾನೇ ಹೋಗೋದು? ಕಪ್ಪೆ ಹಾವಿನ ಹತ್ರ ಬರಲ್ಲ. ಅದಕ್ಕೇ ಬಾಣ ಕಪ್ಪೆ ಕಡೆಗೆ ಹಾಕ್ದೆ.” ಪೇಪರ್ ಓದುವ ನೆಪದಲ್ಲಿ ಅಲ್ಲೇ ಕುಳಿತಿದ್ದ ನನಗೆ ಹುಡುಗ ಹೇಳಿದ್ದೇ ಸರಿ ಅನ್ನಿಸಿತು. ಮೇಷ್ಟ್ರು ಮಾತಾಡಲಿಲ್ಲ. ಚಪ್ಪಲಿ ಮೆಟ್ಟಿ ಮನೆಗೆ ಹೋದರು. ಬರುವಾಗ ಕೈಯಲ್ಲಿ ಒಂದು ಮೊರ ಮಂಡಕ್ಕಿ.

“ಇದು ಹತ್ತು ಸಾವಿರ ಕಾಳು ಅಂತ ಇಟ್ಕೊಳಿ. ಇಷ್ಟೂ ಹುಲ್ಲಿನಲ್ಲಿರೋ ಶಕ್ತಿ” ಎಂದು ಒಬ್ಬನನ್ನು ಹುಲ್ಲಾಗಿ ನಿಲ್ಲಿಸಿದರು. ಹುಲ್ಲು ತನ್ನ ಹತ್ತರಲ್ಲೊಂದು ಪಾಲನ್ನು ಮಿಡತೆಯ ಬೊಗಸೆಗೆ ಹಾಕಿತು. “ಮಿಕ್ಕ ಒಂಬತ್ತು ಪಾಲು?” ಎಂದು ಕೇಳಿದವರು ತಾವೇ ಮೊರ ಎತ್ತಿ ಜಗಲಿಯ ಮೇಲೆ ಸುರಿದುಬಿಟ್ಟರು! “ಹೋಯ್ತು! ಉಸಿರಾಟಕ್ಕೆ, ಓಡಾಟಕ್ಕೆ, ಶಾಖಕ್ಕೆ!” ಮಿಡತೆ ಕಪ್ಪೆಗೆ ಒಂದು ಹಿಡಿ ಕೊಟ್ಟು ಉಳಿದದ್ದನ್ನು ಚೆಲ್ಲಿತು. ಕಪ್ಪೆ ಹಾವಿಗೆ ಒಂದು ಚಿಟಿಕೆ. ಹದ್ದಾಗಿ ನಿಂತಿದ್ದವನು ಆ ದಪ್ಪ ಹುಡುಗನೇ. ಅವನ ಅಂಗೈಗೆ ಬಂದು ಕೂತದ್ದು ಒಂದೇ ಒಂದು ಕಾಳು.

“ಸಾರ್, ಇದ್ರಲ್ಲಿ ಹದ್ದಿಗೆ ಹೊಟ್ಟೆ ತುಂಬೋದು ಹೆಂಗೆ?”

“ಅದಕ್ಕೇ ಕಣೋ ಊರಿಗೆಲ್ಲ ಹುಲ್ಲಿದೆ, ಹದ್ದು ಎಲ್ಲೋ ಒಂದು. ಸರಪಳಿ ನಾಲ್ಕೈದು ಕೊಂಡಿಗೇ ನಿಂತುಹೋಗೋದೂ ಅದಕ್ಕೇ. ಈಗ ಹೇಳು, ಮಂಡಕ್ಕಿ ಯಾರ ಕೈಯಿಂದ ಯಾರ ಕೈಗೆ ಹೋಯ್ತು? ಬಾಣ ಆ ಕಡೆಗೆ.”

ಅಷ್ಟರಲ್ಲಿ ನಮ್ಮ ಜಗಲಿಗೆ ಇರುವೆಗಳ ಸಾಲು ಹತ್ತಿತ್ತು. ಮೂಲೆಯಲ್ಲಿ ಕುಳಿತಿದ್ದ ಒಂದು ಸಣಕಲು ಹುಡುಗಿ ಕೈ ಎತ್ತಿ, “ಸಾರ್, ಶಾಖ ಆಗಿ ಹೋಗಿದ್ದು ಮತ್ತೆ ಸಿಗಲ್ಲ ಅಂದಿದ್ರಿ. ಇರುವೆ ಹೊತ್ಕೊಂಡು ಹೋಗ್ತಿದಾವಲ್ಲ?” ಎಂದಳು. ಮೇಷ್ಟ್ರು ಇರುವೆಗಳನ್ನು ನೋಡಿದರು, ಹುಡುಗಿಯನ್ನು ನೋಡಿದರು. “ಭೇಷ್ ಕಣಮ್ಮ. ಚೆಲ್ಲಿದ್ದೆಲ್ಲ ಶಾಖ ಅಲ್ಲ. ತಿನ್ನದೆ ಬಿಟ್ಟಿದ್ದು, ಉದುರಿದ ಎಲೆ, ಸೆಗಣಿ, ಸತ್ತ ಹೆಣ ಎಲ್ಲ ಇದ್ರಲ್ಲೇ ಸೇರಿದೆ. ಅದನ್ನ ವಿಘಟಕಗಳು ತಿಂತವೆ. ಅವೂ ಉಸಿರಾಡ್ತವೆ, ಅವುಗಳಿಂದ್ಲೂ ಶಾಖ ಹೋಗುತ್ತೆ. ಇದನ್ನ ಪುಸ್ತಕದಲ್ಲಿ ಹುಡುಕಬೇಡ, ಇರುವೆ ನೋಡ್ಕೊಂಡು ಬರಿ.” ಆ ಖುಷಿಯಲ್ಲಿ ಜಗಲಿ ಗುಡಿಸುವುದು ಅವರಿಗೆ ಮರೆತೇಹೋಯಿತು. ಪೊರಕೆ ಹಿಡಿದು ಹೊರಬಂದ ನನ್ನ ಹೆಂಡತಿಗೆ, ಗೌರವದ ಕಾರಣಕ್ಕೋ ಏನೋ, ಬೈಯಲು ಸಿಕ್ಕಿದ್ದು ನಾನು.

ಮಕ್ಕಳು ಹೋದಮೇಲೆ ಮೇಷ್ಟ್ರು ಕಾಫಿಗೆ ಕುಳಿತರು. ಈ ಹತ್ತರ ಲೆಕ್ಕ ಯಾರದೆಂದು ಕೇಳಿದೆ. ಕೇಳದಿದ್ದರೂ ಹೇಳುತ್ತಿದ್ದರು. ಅಮೆರಿಕದ ಮಿನ್ನೆಸೋಟದಲ್ಲಿ ಸೀಡರ್ ಬಾಗ್ ಎಂಬ ಪುಟ್ಟ ಕೆರೆ. ರೇಮಂಡ್ ಲಿಂಡೆಮನ್ ಎಂಬ ಹುಡುಗ ವರ್ಷಗಟ್ಟಲೆ ಆ ಕೆರೆಯ ಪಾಚಿ, ಹುಳುಹುಪ್ಪಟೆಗಳ ಜಮಾಖರ್ಚು ಬರೆದ. ಲೇಖನ ಕಳಿಸಿದರೆ, ಇದು ಬರೀ ಸಿದ್ಧಾಂತ ಎಂದು ಪರಿಶೀಲಿಸಿದವರು ತಿರಸ್ಕರಿಸಿದರು. ಹಚಿನ್ಸನ್ ಎಂಬ ಹಿರಿಯರು ನಡುವೆ ಬಂದು ಒತ್ತಾಯಿಸಿದ್ದಕ್ಕೆ 1942ರಲ್ಲಿ ಅಚ್ಚಾಯಿತು. ಅಚ್ಚಾಗಿ ಬರುವ ಹೊತ್ತಿಗೆ ಹುಡುಗ ಇರಲಿಲ್ಲ. ಕಾಯಿಲೆಯಿಂದ ತೀರಿಕೊಂಡಾಗ ಅವನಿಗೆ 26 ವರ್ಷ.

“ನಿಜ ಹೇಳ್ಬೇಕಂದ್ರೆ ಪ್ರಕೃತಿ ಸರಿಯಾಗಿ ಹತ್ತೇ ಅಂತ ಕೊಡೋದಿಲ್ಲ ಮ್ಯಾನೇಜರ್ರೇ. ಒಂದು ಕಡೆ ಕಮ್ಮಿ, ಒಂದು ಕಡೆ ಜಾಸ್ತಿ. ಹತ್ತು ಅನ್ನೋದು ಪರೀಕ್ಷೆಗೆ” ಎಂದು ಲೋಟ ಕೆಳಗಿಟ್ಟರು. ಆ ಹುಡುಗನ ವಯಸ್ಸಿಗಿಂತ ಹೆಚ್ಚು ವರ್ಷ ಇವರು ಅವನ ಲೆಕ್ಕವನ್ನೇ ಪಾಠ ಮಾಡಿದ್ದಾರೆ. ವರ್ಷಕ್ಕೊಂದು ತರಗತಿ ಬರುತ್ತದೆ, ಬಾಣ ಉಲ್ಟಾ ಹಾಕುತ್ತದೆ, ಹೋಗುತ್ತದೆ. ಹೇಳಿದ್ದರಲ್ಲಿ ಎಷ್ಟು ಪಾಲು ಮಕ್ಕಳಿಗೆ ದಾಟಿತು ಎಂದು ಕೇಳೋಣ ಅಂದುಕೊಂಡೆ. ಕೇಳಿದ್ದರೆ ಮತ್ತೆ ಮೊರ ತರುತ್ತಿದ್ದರು.

ವಿಜ್ಞಾನದ ಪರೀಕ್ಷೆಯ ದಿನ ಮಧ್ಯಾಹ್ನ ಮೇಷ್ಟ್ರು ನಮ್ಮ ಗೇಟಿನ ಹತ್ತಿರವೇ ಕಾಯುತ್ತಿದ್ದರು. ದಪ್ಪ ಹುಡುಗ ಸೈಕಲ್ಲಿನಲ್ಲಿ ಬಂದ. ಪೇಪರ್ ಸುಲಭವಿತ್ತೋ ಕಷ್ಟವಿತ್ತೋ ಅವರು ಕೇಳಲಿಲ್ಲ.

“ಸರಪಳಿ ಬಂದಿತ್ತೇನೋ?”

“ಬಂದಿತ್ತು ಸಾರ್.”

“ಬಾಣ ಯಾವ ಕಡೆ ಹಾಕ್ದೆ?”

“ಎರಡೂ ತುದೀಗೆ ಮೂತಿ ಹಾಕ್ದೆ ಸಾರ್. ಯಾವ್ದು ಸರೀನೋ ಅದಕ್ಕೆ ಮಾರ್ಕ್ಸ್ ಕೊಡ್ಲಿ ಅಂತ.”

ಮೇಷ್ಟ್ರು ಗೇಟು ಹಿಡಿದುಕೊಂಡರು. “ಅಂದ್ರೆ ಹಾವು ಕಪ್ಪೆನ ತಿಂತು, ಕಪ್ಪೆ ಹಾವನ್ನ ತಿಂತು?”

“ಹೂಂ ಸಾರ್,” ಎಂದ ಹುಡುಗ ಪೆಡಲ್ ತುಳಿಯುತ್ತಾ, “ಎರಡು ಮಾರ್ಕ್ಸಿಗಲ್ವಾ?”