ತೆಗೆಯಬೇಡಿ ಎಂದು ಬರೆದವರು

ಬದಿಯಡ್ಕ, ಪೆರ್ಲದ ಕಡೆಯ ಅಡಕೆ ತೋಟದ ಮನೆಗಳಲ್ಲಿ ಎಲ್ಲಿ ನೆಟ್ ಚೆನ್ನಾಗಿದೆಯೋ ಅಲ್ಲಿ ಇಂಥವರೊಬ್ಬರು ಸಿಗುತ್ತಾರೆ. ಕೊರೋನಾ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನಿಂದ ಬಂದವರು, ಮತ್ತೆ ಬಸ್ಸು ಹತ್ತಲಿಲ್ಲ. ಊರಿನವರ ಲೆಕ್ಕಕ್ಕೆ 'ಕಂಪ್ಯೂಟರ್ ಕೆಲಸ'. ಅಸಲಿಗೆ ಒಂದೇ ಕೋಡು ಪೈಥಾನ್ 2ರಲ್ಲೂ 3ರಲ್ಲೂ ಮುನಿಸಿಕೊಳ್ಳದೆ ಓಡುವಂತೆ ನೋಡಿಕೊಳ್ಳುವುದು ಅವರ ಉದ್ಯೋಗ.

ಸಪ್ತಭಾಷೆಯ ಕಾಸರಗೋಡಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಸ್ಸಿನಲ್ಲಿ ಮಲಯಾಳ, ತೋಟದಲ್ಲಿ ತುಳು, ಮನೆಯೊಳಗೆ ಹವ್ಯಕ, ಮೇಷ್ಟ್ರ ಎದುರು ಪುಸ್ತಕದ ಕನ್ನಡ. ಕೋಡಿನಲ್ಲೂ ಹಾಗೆಯೇ: ಒಂದು ಹೆಸರಿನಲ್ಲಿ ಇಂಪೋರ್ಟ್ ಮಾಡು, ಎರರ್ ಬಂದರೆ ಇನ್ನೊಂದು ಹೆಸರಿನಲ್ಲಿ ಕರೆ.

ಇಷ್ಟಕ್ಕೆ 'ಸಿಕ್ಸ್' ಲೈಬ್ರರಿ ಸಾಕು. ಇಂಟರ್‌ಪ್ರಿಟರೇ ತಪ್ಪಿದಾಗ ಮಾತ್ರ ಅವರಿಗೆ ಹುರುಪು.

ಮದುವೆ ಊಟದ ಪಂಕ್ತಿಯಲ್ಲಿ, ಎಲೆಯಿಂದ ಸಾರು ಹರಿಯುತ್ತಿದ್ದರೂ ಶುರು ಮಾಡುತ್ತಾರೆ: "2.7.6ರ ತನಕ ಸ್ಟ್ರಕ್ಟ್ ಮಾಡ್ಯೂಲಿಗೆ ಯುನಿಕೋಡ್ ಫಾರ್ಮ್ಯಾಟ್ ಕೊಟ್ಟರೆ ಟೈಪ್ ಎರರ್. 2.7.7ರಲ್ಲಿ ಸರಿ ಮಾಡಿದರು. ಆದರೆ ಗಿರಾಕಿಯ ಸರ್ವರಿನಲ್ಲಿರುವುದು ಸೆಂಟ್‌ಓಎಸ್ 7ರ ಜೊತೆ ಬಂದ 2.7.5!"

"ಹೊಸತ್ತು ಹಾಕಿದರೆ ಆಗದೋ ಭಾವ?" ಎಂದು ಪಕ್ಕದ ಎಲೆಯವರು. ಅವರು ಮರುಕದಿಂದ ನಕ್ಕು ಪಾಯಸಕ್ಕೆ ಕೈ ಹಾಕುತ್ತಾರೆ.

ಹೊಸತರ ಮೇಲೆ ಅವರಿಗೆ ನಂಬಿಕೆ ಇಲ್ಲದಿರುವುದಕ್ಕೆ ಕಾರಣವೂ ಇದೆ, ಅದನ್ನು ಒಪ್ಪಲೇಬೇಕು. ಪೈಥಾನ್ 3.0ರಲ್ಲಿ ಕಾಲಬಲ್ ಫಂಕ್ಷನ್ನನ್ನು ಕಿತ್ತುಹಾಕಿದವರು 3.2ರಲ್ಲಿ ವಾಪಸು ತಂದರು. ಸ್ಟ್ರಿಂಗಿನ ಹಿಂದಿನ 'ಯು' ಅಕ್ಷರಕ್ಕೂ ಮನೆಬಾಗಿಲು ತೋರಿಸಿ, 3.3ರಲ್ಲಿ ಮತ್ತೆ ಒಳಗೆ ಕರೆದರು. ತೆಗೆದವರೇ ತಿರುಗಿ ತರುವಾಗ ನಾವ್ಯಾಕೆ ತೆಗೆಯಬೇಕು ಎಂಬುದು ಅವರ ವಾದ.

ಹಾಗಾಗಿ ಏನನ್ನೂ ಅಳಿಸುವುದಿಲ್ಲ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿದೆ. ಅವರ ಫೈಲಿನಲ್ಲಿ ಮಾತ್ರ 2.6.5ಕ್ಕಿಂತ ಹಿಂದಿನವರಿಗೂ ಒಂದು ಫಂಕ್ಷನ್ ಕಾದಿದೆ. ಆ ಕಾಲದ ಇಂಟರ್‌ಪ್ರಿಟರ್ ಕೀವರ್ಡ್ ಆರ್ಗ್ಯುಮೆಂಟಿನ ಹೆಸರು ಯುನಿಕೋಡಿನಲ್ಲಿದ್ದರೆ ಒಪ್ಪುತ್ತಿರಲಿಲ್ಲ. ಡಿಕ್ಷನರಿಯ ಒಂದೊಂದೇ ಕೀಯನ್ನು ಬೈಟ್ ಸ್ಟ್ರಿಂಗ್ ಮಾಡಿ ದಾಟಿಸಬೇಕಿತ್ತು. ಮೇಲೊಂದು ಕಾಮೆಂಟ್: 'ತೆಗೆಯಬೇಡಿ'. ಯಾಕೆಂದು ಬರೆದಿಲ್ಲ.

ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಅದನ್ನು ಅಳಿಸಿ ಟೆಸ್ಟ್ ಓಡಿಸಿದಳು. ಎಲ್ಲವೂ ಪಾಸು. ರಿವ್ಯೂನಲ್ಲಿ ಅವರು ಕೇಳಿದರು: "2.6.4ರಲ್ಲಿ ಓಡಿಸಿ ನೋಡಿದಿರಾ?"

"ಸರ್, ಅದು ಬಂದದ್ದು 2009ರಲ್ಲಿ. ನಾನಾಗ ಮೂರನೇ ಕ್ಲಾಸು."

"ತೊಂದರೆಯಿಲ್ಲ. ಇನ್‌ಸ್ಟಾಲ್ ಮಾಡುವುದು ಹೇಗೆಂದು ಕಳಿಸುತ್ತೇನೆ, ಇಲ್ಲಿ ಕರೆಂಟು ಬರಲಿ."