ಮಾವೇಲಿ ಹತ್ತಿದ ರಿಪೋರ್ಟು

ಮಹಾಬಲಿ ಆಳುತ್ತಿದ್ದಾಗ ಕೇರಳದಲ್ಲಿ ಆಧಿವ್ಯಾಧಿಗಳಿರಲಿಲ್ಲ, ಎಳೆಮಕ್ಕಳ ಸಾವಿರಲಿಲ್ಲ ಎಂದು ಓಣಂ ಬಂದಾಗಲೆಲ್ಲ ಹಾಡುತ್ತಾರೆ. ಇರಲಿಕ್ಕಿಲ್ಲ, ಆಗ ಲ್ಯಾಬೂ ಇರಲಿಲ್ಲ. ಈಗ ಅದೇ ದೊರೆಯ ಹೆಸರಿನ ಮಾವೇಲಿ ಎಕ್ಸ್‌ಪ್ರೆಸ್ ಸಂಜೆ ಕಾಸರಗೋಡಿನಲ್ಲಿ ನಿಂತು ಅಪ್ಪ, ಅಮ್ಮ, ಮಗು, ಮಗುವಿಗಿಂತಲೂ ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೈಲು, ಇಷ್ಟನ್ನೂ ಹತ್ತಿಸಿಕೊಂಡು ಹೊರಡುತ್ತದೆ. ಕೆಲವರು ನಡುರಾತ್ರಿ ಕಳೆದ ಮೇಲೆ ಕೊಚ್ಚಿಯ ಆಸ್ಪತ್ರೆಗಳಿಗೆಂದು ಎರ್ನಾಕುಲಂನಲ್ಲಿ ಇಳಿಯುತ್ತಾರೆ. ಉಳಿದವರು ಬೆಳಗಾಗುವಾಗ ತಿರುವನಂತಪುರದಲ್ಲಿ. ದಾರಿ ಐನೂರು ಕಿಲೋಮೀಟರಿಗೂ ಮಿಕ್ಕು. ಡಾಕ್ಟರ ಭೇಟಿ ಚಾ ಆರುವಷ್ಟು ಹೊತ್ತೂ ಇಲ್ಲ.

ಊರಲ್ಲೇ ಮೆಡಿಕಲ್ ಕಾಲೇಜು ಇಲ್ಲವೇ ಎಂದು ಕೇಳಬೇಡಿ. ಬದಿಯಡ್ಕದ ಉಕ್ಕಿನಡ್ಕದಲ್ಲಿ 2013ರ ನವೆಂಬರ್ 30ರಂದೇ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಕಲ್ಲು ಹಾಕಿದರು. ಮುಂದೆ ವರ್ಷಗಟ್ಟಲೆ ಆರೋಗ್ಯವಾಗಿದ್ದದ್ದು ಆ ಕಲ್ಲೊಂದೇ. 2020ರಲ್ಲಿ ಕರ್ನಾಟಕ ಗಡಿದಾರಿಗಳಿಗೆ ಮಣ್ಣು ಸುರಿದು ಮಂಗಳೂರಿನ ಆಸ್ಪತ್ರೆಗಳ ಬಾಗಿಲು ಮುಚ್ಚಿದಾಗ ತಿರುವನಂತಪುರದ ವೈದ್ಯರ ತಂಡವೇ ಉಕ್ಕಿನಡ್ಕಕ್ಕೆ ಓಡಿಬಂತು. ಡಾಕ್ಟರು ನಮ್ಮಲ್ಲಿಗೆ ಬರಬೇಕಾದರೆ ಲೋಕಕ್ಕೆಲ್ಲ ಕೋವಿಡ್ ಬರಬೇಕು! ಎಂಡೋಸಲ್ಫಾನ್ ಎಂಬ ಕೀಟನಾಶಕ ಹಾಗಲ್ಲ. ಎಣ್ಮಕಜೆಯ ಸ್ವರ್ಗಕ್ಕೆ (ಊರಿನ ಹೆಸರೇ ಅದು) ಅದು 2000ದ ತನಕ ಹೆಲಿಕಾಪ್ಟರಿನಲ್ಲೇ ಮನೆಬಾಗಿಲಿಗೆ ಬರುತ್ತಿತ್ತು, ಅಪಾಯಿಂಟ್‌ಮೆಂಟ್ ಇಲ್ಲದೆ.

ಈಗ ಫೈಲು ಬಿಚ್ಚಿ. ನಾಲ್ಕು ವರ್ಷದ ಮಗುವಿನ ಆಲ್ಕಲೈನ್ ಫಾಸ್ಫಟೇಸ್ ಮುನ್ನೂರು. ಪಕ್ಕದಲ್ಲಿ ದಪ್ಪಕ್ಷರದ ಎಚ್, ಎಂದರೆ ಹೆಚ್ಚು. ಅಮ್ಮನ ಎದೆ ಧಸಕ್ಕೆನ್ನುತ್ತದೆ. ಮಗು ಮಾಡಿದ ತಪ್ಪೇನು? ಬೆಳೆಯುತ್ತಿದೆ. ಬೆಳೆಯುವ ಎಲುಬಿನಿಂದ ಈ ಕಿಣ್ವ ಹೆಚ್ಚಾಗಿ ರಕ್ತಕ್ಕೆ ಬರುತ್ತದೆ, ದೊಡ್ಡವರಿಗಿಂತ ಎರಡು ಮೂರು ಪಟ್ಟಿದ್ದರೂ ಸಹಜ. ಆದರೆ ಕೆಲವು ಲ್ಯಾಬಿನ ಕಂಪ್ಯೂಟರಿಗೆ ಅಪ್ಪನೂ ಮಗನೂ ಒಂದೇ ಪ್ರಾಯ. ಅದೇ ಹಾಳೆಯಲ್ಲಿ ಕ್ರಿಯಾಟಿನಿನ್ 0.9 ಇದ್ದರೆ ಕಂಪ್ಯೂಟರು ತುಟಿ ಬಿಚ್ಚುವುದಿಲ್ಲ, ದೊಡ್ಡವರಿಗೆ ಅದು ಸರಿ ತಾನೇ! ನಾಲ್ಕು ವರ್ಷದ ಮಗುವಿಗಾದರೆ ಅದು ಜಾಸ್ತಿ, ಕಿಡ್ನಿಯ ಕಡೆ ನೋಡಲೇಬೇಕು. ನಗಬೇಕಾದಲ್ಲಿ ಗುಮ್ಮ, ಎಚ್ಚರಿಸಬೇಕಾದಲ್ಲಿ ಮೌನವ್ರತ.

ಇನ್ನು ಡಿಸ್ಕೌಂಟಿನ ಪ್ಯಾಕೇಜುಗಳು. ರಿಪೋರ್ಟಿನ ‘ನಾರ್ಮಲ್’ ಗೆರೆಯನ್ನು ಎಳೆಯುವುದೇ ನೂರು ಆರೋಗ್ಯವಂತರಲ್ಲಿ ಐದು ಮಂದಿ ಹೊರಗುಳಿಯುವಂತೆ. ಇಪ್ಪತ್ತು ಟೆಸ್ಟು ಒಟ್ಟಿಗೆ ಮಾಡಿಸಿದರೆ ಗುಂಡುಕಲ್ಲಿನಂಥ ಮಗುವೂ ಒಂದರಲ್ಲಾದರೂ ಗೆರೆ ದಾಟುವ ಸಂಭವವೇ ಹೆಚ್ಚು. ದಾಟಿದ್ದಕ್ಕೆ ಇನ್ನೊಂದು ಟೆಸ್ಟು. ಅದಕ್ಕೂ ಡಿಸ್ಕೌಂಟು.

ಇಷ್ಟನ್ನು ಬಿಡಿಸಿ ಹೇಳಬೇಕಾದ ಡಾಕ್ಟರು ಹೇಳುವುದು ಒಂದೇ: “ಕುಳಪ್ಪಮಿಲ್ಲ.” ತೊಂದರೆ ಏನೂ ಇಲ್ಲವಂತೆ. ಮತ್ತೆ ಐದು ಬಗೆಯ ಔಷಧ ಯಾಕೆ? “ಸಾರ್, ಈ ಎಚ್ ಏನು?” ಎಂದು ಅಪ್ಪ ಕೇಳಿದರೆ “ಗೂಗಲ್ ನೋಡಿದಿರಾ?” ಎಂಬ ಮರುಪ್ರಶ್ನೆ. ಹೌದೆಂದರೆ ಬೈಗಳು, ಇಲ್ಲವೆಂದರೆ ಮುಂದಿನ ಟೋಕನ್. ನಾವೇನು ಕಮ್ಮಿ? ಕೋಣೆಯೊಳಗೆ ಮೂರು ಸಲ “ಸರಿ ಸಾರ್” ಎಂದು, ಕೇಳಬೇಕಾದದ್ದನ್ನೆಲ್ಲ ಹೊರಗೆ ಬಂದು ಮೆಡಿಕಲ್ ಶಾಪಿನ ಹುಡುಗನಲ್ಲಿ ಕೇಳುತ್ತೇವೆ. ಅವನಂತೂ ಧಾರಾಳವಾಗಿ ಹೇಳುತ್ತಾನೆ. ಉಳಿದದ್ದನ್ನು ಬೆಂಗಳೂರಿನ ಭಾವ ವಾಟ್ಸಾಪಿನಲ್ಲಿ ಮುಗಿಸಿಕೊಡುತ್ತಾನೆ. ಅವನು ಸಿವಿಲ್ ಇಂಜಿನಿಯರ್.

ಕೊಚ್ಚಿಯ ಹೈಕೋರ್ಟು 2025ರ ನವೆಂಬರಿನಲ್ಲಿ, ಡಿಸ್ಚಾರ್ಜ್ ಮಾಡುವಾಗ ಟೆಸ್ಟ್ ರಿಪೋರ್ಟುಗಳನ್ನು ರೋಗಿಯ ಕೈಗೆ ಕೊಡಲೇಬೇಕೆಂದು ಆಸ್ಪತ್ರೆಗಳಿಗೆ ಹೇಳಿತು. ಒಳ್ಳೆಯದೇ. ಕಾಗದ ಸಿಕ್ಕಿತು, ಅರ್ಥಕ್ಕೆ ಇನ್ನೊಂದು ರಿಟ್ ಹಾಕಬೇಕಷ್ಟೆ.

ಅಲ್ಲಿಯ ತನಕ, ಮುಂದಿನ ಸಲ ಮಾವೇಲಿ ಹತ್ತುವವರು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಈ ಅಳತೆ ನನ್ನ ಮಗುವಿನ ಪ್ರಾಯದ್ದೇ? ಈ ಎಚ್‌ಗೆ ಏನಾದರೂ ಮಾಡಬೇಕೇ, ಸುಮ್ಮನಿದ್ದರೆ ಸಾಕೇ? ಯಾವ ಲಕ್ಷಣ ಕಂಡರೆ ಕೂಡಲೇ ಓಡಿಬರಬೇಕು? ಮಲಯಾಳ ಬಾರದಿದ್ದರೆ ಕನ್ನಡದಲ್ಲೇ ಕೇಳಿ, ವಾರ್ಡಿನಲ್ಲಿ ಮಂಜೇಶ್ವರದ ನರ್ಸ್ ಒಬ್ಬಳಾದರೂ ಸಿಕ್ಕಾಳು. ಡಾಕ್ಟರು ಗಡಿಯಾರ ನೋಡಿದರೆ ನೋಡಲಿ. ಉತ್ತರ ಸಿಗುವ ತನಕ ಕುರ್ಚಿಯಿಂದ ಏಳಬೇಡಿ.