ಪ್ರಿಂಟ್‌ಎಫ್ ಪುರಾಣ

ಸಿ ಭಾಷೆ ಕಲಿಯುವವರು ಮೊದಲು ಕೈಮುಗಿಯುವುದು ಪರದೆಯ ಮೇಲೆ ಮುದ್ರಿಸುವ ಫಂಕ್ಷನ್ ಪ್ರಿಂಟ್‌ಎಫ್‌ಗೆ. ಸಿ ಕುರಿತ 1978ರ ಪುಸ್ತಕದಲ್ಲಿ ಕರ್ನಿಗನ್ ಮತ್ತು ರಿಚಿ ಅದರ ಬಾಯಲ್ಲಿ ‘ಹಲೋ ವರ್ಲ್ಡ್’ ಅನ್ನಿಸಿದ್ದೇ ತಡ, ಕಂಪ್ಯೂಟರ್ ಲ್ಯಾಬುಗಳಲ್ಲೆಲ್ಲ ಅದೇ ನಾಂದಿ.

ಇದು ಯಜಮಾನರ ಮಾತನ್ನು ಕಣ್ಣುಮುಚ್ಚಿ ನಂಬುವ ಜೀವ. ಪೂರ್ಣಾಂಕ ಬರುತ್ತದೆಂದು ‘ಪರ್ಸೆಂಟ್ ಡಿ’ ಬರೆದು 3.14 ಕೊಟ್ಟರೂ ಚಕಾರ ಎತ್ತದು; ಬಾಯಿಗೆ ಬಂದ ಸಂಖ್ಯೆಯೊಂದನ್ನು ಗಂಭೀರವಾಗಿ ಒದರೀತು. ಎಚ್ಚರಿಸುವ ಕೆಲಸ ಕಂಪೈಲರಿನದು. ಆದರೆ ವಾರ್ನಿಂಗ್ ಓದುವ ಪದ್ಧತಿ ನಮ್ಮಲ್ಲೆಲ್ಲಿದೆ?

ಪ್ರೋಗ್ರಾಂ ಎಲ್ಲಿ ಸಾಯುತ್ತಿದೆ ಎಂದು ಹುಡುಕಲು ‘ಇಲ್ಲಿಗೆ ಬಂದೆ’ ಅಂತ ಮುದ್ರಿಸಿ ನೋಡಿ. ಕೊನೆಗೆ ಸಾಲು ಮುರಿಯುವ ‘ಬ್ಯಾಕ್‌ಸ್ಲ್ಯಾಶ್ ಎನ್’ ಹಾಕದಿದ್ದರೆ ಮಾತು ಬಫರಿನಲ್ಲೇ ಕೂತಿರುತ್ತದೆ. ಪ್ರೋಗ್ರಾಂ ಕ್ರ್ಯಾಶ್ ಆಯಿತೋ, ಸಾಕ್ಷಿಯೂ ಅದರ ಜೊತೆಗೇ ಮಣ್ಣಾಯಿತು.

ಕಾಲಂ ಜೋಡಿಸಲು ‘ಪರ್ಸೆಂಟ್ ಮೈನಸ್ 10 ಎಸ್’ ಅಂದರೆ ಇಂಗ್ಲಿಷ್ ಹೆಸರುಗಳು ಶಿಸ್ತಾಗಿ ನಿಲ್ಲುತ್ತವೆ. ಕನ್ನಡ ಬಂದರೆ ಸಾಲು ಸೊಟ್ಟ. ಇದು ಎಣಿಸುವುದು ಅಕ್ಷರವನ್ನಲ್ಲ, ಬೈಟನ್ನು! ಯುಟಿಎಫ್-8ರಲ್ಲಿ ‘ಕನ್ನಡ’ ಎಂಬ ಮೂರಕ್ಷರಕ್ಕೆ 15 ಬೈಟು. ಚುಕ್ಕಿಯಿಟ್ಟು ಹತ್ತಕ್ಕೆ ಕತ್ತರಿಸು ಎಂದರೆ ‘ಕನ್’ ಎಂದು, ಮುಂದಿನ ನಕಾರದ ಒಂದು ಚೂರನ್ನು ಟರ್ಮಿನಲ್ಲಿಗೆ ಎಸೆಯುತ್ತದೆ. ಟರ್ಮಿನಲ್ ಪಾಪ, ಪ್ರಶ್ನೆಚಿಹ್ನೆ ತೋರಿಸಿ ನಮ್ಮನ್ನೇ ಕೇಳುತ್ತದೆ.

ಆದರೂ ಲೆಕ್ಕದಲ್ಲಿ ಬಲು ಪ್ರಾಮಾಣಿಕ. ಪ್ರತಿ ಸಲವೂ ಎಷ್ಟು ಬೈಟು ಮುದ್ರಿಸಿದೆನೆಂದು ವರದಿ ಒಪ್ಪಿಸುತ್ತದೆ. ಸರ್ಕಾರಿ ಆಯೋಗದ ವರದಿಯ ಹಾಗೆ, ಅದನ್ನೂ ಯಾರೂ ತೆರೆದು ನೋಡುವುದಿಲ್ಲ.